ಒಂದೇ ಕೈಯಲ್ಲಿ ಸೇದಿದ ನೀರು

ಬಳ್ಳಾರಿಯ ಪಾರ್ವತಿನಗರದ ನಮ್ಮ ಅಣ್ಣನ ಮನೆಯ ಹಾಲ್‌ನಲ್ಲಿ ಕಳೆದ ವಾರ ಒಂದು ಮೀಟಿಂಗ್ ನಡೆಯಿತು. ವಿಷಯ ಒಂದೇ. ನನಗೆ ತಲೆ ಕೆಟ್ಟಿದೆಯೋ, ಇಲ್ಲವೋ?

ನಾನೂ ಅಲ್ಲೇ ಇದ್ದೆ. ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಅದನ್ನು ಕೊರಳಿಗೆ ನೇತುಹಾಕಿಕೊಂಡು, ಸೋಫಾದ ಮೂಲೆಯಲ್ಲಿ ಆರೋಪಿಯ ಹಾಗೆ ಕೂತಿದ್ದೆ. ಎದುರಿಗೆ ಮೂವರು. ಅಣ್ಣ ಚಂದ್ರಶೇಖರ, ಬ್ಯಾಂಕಿನಿಂದ ರಿಟೈರ್ ಆದವನು. ಅತ್ತಿಗೆ ನಿರ್ಮಲಾ. ಮತ್ತು ತೀರ್ಪು ಕೊಡಲೆಂದೇ ಸಿರುಗುಪ್ಪದಿಂದ ಕಾರು ಮಾಡಿಕೊಂಡು ಬಂದ ಸೋದರಮಾವ ವೀರಭದ್ರಪ್ಪ. ಮಾವ ಅಕ್ಕಿ ಗಿರಣಿ ನಡೆಸಿದವರು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿ ಇವತ್ತಿಗೂ ಕೆಳಗಿಳಿದಿಲ್ಲ.

"ಏಮ್ಮಾ ಗಿರಿಜಾ, ನಿನಗೇನು ಕಡಿಮಿ ಆಗಿತ್ತು ಅಂತ ಆ ಗುಡ್ಡದ ಬುಡಕ್ಕ ಹೋಗಿ ಕುಂತಿ?" ಎಂದರು ಮಾವ.

ಒಳ್ಳೆಯ ಪ್ರಶ್ನೆ. ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಕೊಟ್ಟರೆ ಮಾತ್ರ ಯಾರೂ ನಂಬುವುದಿಲ್ಲ.

ಈ ಅಂಕಣ ಓದುತ್ತ ಬಂದವರಿಗೆ ನನ್ನ ಕತೆ ಗೊತ್ತು. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಸಿರುಗುಪ್ಪದ ಹೈಸ್ಕೂಲೊಂದರಲ್ಲಿ ವರ್ಷಗಟ್ಟಲೆ ಲೆಕ್ಕ ಕಲಿಸಿದೆ. ವಾಸ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಬಾಡಿಗೆ ಮನೆ. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಮದುವೆ ಆಗಲಿಲ್ಲ. (ಯಾರೂ ಕೈಕೊಡಲಿಲ್ಲ, ಯಾರಿಗೂ ಕಾಯಲಿಲ್ಲ. ಸುಮ್ಮನೆ ಆಗಲಿಲ್ಲ.) ಎರಡು ವರ್ಷದ ಹಿಂದೆ ಸ್ವಯಂ ನಿವೃತ್ತಿ ತೆಗೆದುಕೊಂಡು, ಕುರುಗೋಡಿನ ಆಚೆ ಗುಡ್ಡದ ಬುಡದಲ್ಲಿ ಅಪ್ಪ ನನ್ನ ಪಾಲಿಗೆ ಬಿಟ್ಟ ಹೊಲದಲ್ಲಿ ಎರಡು ಕೋಣೆಯ ಕಲ್ಲುಮನೆ ಕಟ್ಟಿಸಿದೆ. ಒಂದು ಬಾವಿ. ಒಂದು ಹಸು, ಅದರ ಕರು. ತಿನ್ನುವಷ್ಟು ತರಕಾರಿ. ಮಾಳಿಗೆಯ ಮೇಲೆ ಎರಡು ಸೋಲಾರ್ ಪ್ಯಾನೆಲ್, ಒಳಗೆ ಬ್ಯಾಟರಿ. ಅದರಲ್ಲೇ ದೀಪ, ಫೋನು, ಬಾವಿಯ ಪುಟ್ಟ ಪಂಪು.

ಕರೆಂಟಿನ ಕಂಬ ಇಲ್ಲ. ತಮಾಷೆ ಎಂದರೆ, ಕುಡತಿನಿಯ ವಿದ್ಯುತ್ ಸ್ಥಾವರದಿಂದ ಬರುವ ದೊಡ್ಡ ದೊಡ್ಡ ತಂತಿಗಳು ನನ್ನ ಹೊಲದ ಮೇಲೇ ಹಾದು ಹೋಗುತ್ತವೆ. ಊರೂರಿಗೆ ಹೋಗುವ ಕರೆಂಟು ನನ್ನ ತಲೆಯ ಮೇಲಿಂದ ಹೋಗುತ್ತದೆ, ಕೆಳಗಿಳಿಯುವುದಿಲ್ಲ. ಇಳಿಯುವುದು ಬೇಡ ಎಂದವಳು ನಾನೇ.

ಯಾಕೆ? ಹೀಗೆ ಇರಬೇಕು ಅನ್ನಿಸಿತು. ಸಾಲದೇ?

ಸಾಲುವುದಿಲ್ಲ. ಹೆಣ್ಣೊಬ್ಬಳು ಊರು ಬಿಟ್ಟು ಒಬ್ಬಳೇ ಇರುತ್ತೇನೆಂದರೆ ಅದರ ಹಿಂದೆ ಒಂದು ದುಃಖ ಇರಲೇಬೇಕು. ಏನೋ ಕಳೆದುಕೊಂಡಿರಬೇಕು, ಯಾರೋ ಮೋಸ ಮಾಡಿರಬೇಕು. ಗಂಡಸೊಬ್ಬ ಐವತ್ತು ದಾಟಿದ ಮೇಲೆ ಬುಲೆಟ್ ಗಾಡಿ ಕೊಂಡು ಲಡಾಖ್‌ಗೆ ಹೋದರೆ ಹೀಗೆ ಮೀಟಿಂಗ್ ಕರೆಯುತ್ತೀರಾ? ಹಾರ ಹಾಕಿ ಕಳಿಸುತ್ತೀರಿ.

ಇರಲಿ. ಕೈ ಮುರಿದ ಕತೆಗೆ ಬರುತ್ತೇನೆ.

ಮೇ ತಿಂಗಳ ಒಂದು ಮಧ್ಯಾಹ್ನ. ಬಳ್ಳಾರಿ ಸೀಮೆಯ ಬಿಸಿಲು ನಿಮಗೆ ಹೊಸದಾಗಿ ವರ್ಣಿಸಬೇಕಿಲ್ಲ. ಊಟ ಮಾಡಿ ನೆಲದ ಮೇಲೆ ಅಡ್ಡಾಗಿದ್ದೆ. ಇದ್ದಕ್ಕಿದ್ದ ಹಾಗೆ ಬೆಳಕು ಮಂಕಾಯಿತು. ಹೊರಗೆ ಬಂದು ನೋಡಿದರೆ ಗುಡ್ಡದ ಹಿಂದಿನಿಂದ ಧೂಳು ಗೋಡೆಯ ಹಾಗೆ ಎದ್ದು ಬರುತ್ತಿತ್ತು. ಹಸು ಹಗ್ಗ ಜಗ್ಗಿ ಕೂಗುತ್ತಿತ್ತು. ಅದನ್ನು ಕೊಟ್ಟಿಗೆಗೆ ಹೊಡೆದು ಬಾಗಿಲು ಹಾಕುವಷ್ಟರಲ್ಲಿ ಗಾಳಿ ಬಂದೇ ಬಿಟ್ಟಿತು. ಮಾಳಿಗೆಯ ಮೇಲೆ ಢಬ ಢಬ ಸದ್ದು. ಒಂದು ಪ್ಯಾನೆಲ್ಲಿನ ನಟ್ಟು ಸಡಿಲಾಗಿ ಅದು ಎದ್ದು ಎದ್ದು ಬಡಿಯುತ್ತಿತ್ತು.

ಏನು ಮಾಡಬೇಕಿತ್ತು? ಒಳಗೆ ಕೂರಬೇಕಿತ್ತು. ನಾನು ಮೆಟ್ಟಿಲು ಹತ್ತಿದೆ.

ಗಾಳಿಗೆ ಸಿಕ್ಕ ಪ್ಯಾನೆಲ್ಲನ್ನು ಮನುಷ್ಯ ಹಿಡಿಯಲಾಗುವುದಿಲ್ಲ ಎಂದು ತಿಳಿಯಲು ನನಗೆ ಒಂದು ಕ್ಷಣ ಸಾಕಾಯಿತು. ಅದು ನನ್ನನ್ನೂ ಎಳೆದುಕೊಂಡು ಪಕ್ಕದ ಪ್ಯಾನೆಲ್ಲಿನ ಮೇಲೆ ಬಿತ್ತು. ಗಾಜು ಬಿರಿಯಿತು. ನಾನು ಮೆಟ್ಟಿಲ ಮೇಲೆ ಉರುಳಿದೆ. ಕೆಳಗೆ ಕೈಯೂರಿದಾಗ ಮಣಿಕಟ್ಟಿನಲ್ಲಿ ಲಟ್ ಎಂದಿತು. ನೋವಿಗಿಂತ ಮೊದಲು ಆ ಸದ್ದು ಕೇಳಿಸಿತು.

ಮಳೆ ನಾಲ್ಕು ಹನಿ ಬಂತು, ನಿಂತಿತು. ಬಿಸಿಲು ಏನೂ ಆಗಿಲ್ಲವೆಂಬಂತೆ ಮತ್ತೆ ಹೊಳೆಯಿತು. ಎರಡೂ ಪ್ಯಾನೆಲ್ ಒಡೆದಿದ್ದವು, ವೈರು ಹರಿದಿತ್ತು. ಪಂಪು ಇಲ್ಲ, ದೀಪ ಇಲ್ಲ. ಫೋನಿನಲ್ಲಿ ಚೂರು ಚಾರ್ಜ್ ಇತ್ತು, ಆದರೆ ಸಿಗ್ನಲ್ ಬೇಕಾದರೆ ಮನೆಯ ಹಿಂದಿನ ಬಂಡೆ ಹತ್ತಬೇಕು. (ಈ ಅಂಕಣವೂ ಪ್ರತಿವಾರ ಆ ಬಂಡೆಯ ಮೇಲಿಂದಲೇ ಬರುತ್ತದೆ.) ಬಂಡೆ ಹತ್ತಲು ಎರಡು ಕೈ ಬೇಕು. ನನಗಿದ್ದದ್ದು ಒಂದು.

ಪಕ್ಕದ ಹೊಲದ ಹುಲಿಗೆಮ್ಮನನ್ನು ಕೂಗಬಹುದಿತ್ತು. ಮೇಕೆ ಸಾಕಿಕೊಂಡಿರುವ ಗಟ್ಟಿ ಹೆಂಗಸು, ನನಗೆ ಸಿಗುವ ಒಬ್ಬಳೇ ನೆರೆಯವಳು. ಆದರೆ ಅವಳು ಮೇಕೆಗಳನ್ನು ತಮ್ಮನ ಮನೆಗೆ ಹೊಡೆದು, ಮಗಳ ಸೀಮಂತಕ್ಕೆಂದು ಸಿರುಗುಪ್ಪಕ್ಕೆ ಹೋಗಿದ್ದಳು. ಇನ್ನೆರಡು ದಿನ ಬರುವುದಿಲ್ಲ.

ಆಗ ಏನು ಮಾಡಿದೆ ಗೊತ್ತೇ? ಅತ್ತೆ.

ಸಣ್ಣಗೆ ಅಲ್ಲ, ಹೋ ಎಂದು. ದೇವರನ್ನು ಬೈದೆ, ಗಾಳಿಯನ್ನು ಬೈದೆ, ಪ್ಯಾನೆಲ್ ಕೂರಿಸಿದವನ ವಂಶವನ್ನೆಲ್ಲ ಬೈದೆ. ಅಣ್ಣ ಹೇಳಿದ್ದೇ ಸರಿ, ನಾಳೆಯೇ ಬಳ್ಳಾರಿಗೆ ಗಂಟುಮೂಟೆ ಕಟ್ಟುತ್ತೇನೆ ಎಂದು ಜೋರಾಗಿಯೇ ಹೇಳಿಕೊಂಡೆ. ಯೂಟ್ಯೂಬಿನಲ್ಲಿ ನೀವು ನೋಡಿರುತ್ತೀರಿ. ಬಿಳಿ ಖಾದಿ ಹಾಕಿಕೊಂಡು, ತಾಮ್ರದ ಲೋಟದಲ್ಲಿ ಕಷಾಯ ಹಿಡಿದು, 'ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ' ಎಂದು ಮೆಲ್ಲಗೆ ಪಾಠ ಹೇಳುವವರು. ಅವರ ಮೂಗಿನಿಂದ ಸಿಂಬಳ ಸುರಿಯುವುದನ್ನು ಯಾರಾದರೂ ನೋಡಿದ್ದೀರಾ? ನನ್ನ ಮೂಗಿನಿಂದ ಸುರಿಯುತ್ತಿತ್ತು.

ಆಗ ಹಸು ಕೂಗಿತು.

ಅದಕ್ಕೆ ನೀರು ಬೇಕಿತ್ತು. ಸೆಖೆಯಲ್ಲಿ, ಹಾಲು ಕೊಡುವ ಹಸುವಿಗೆ, ಈಗಲೇ ಬೇಕಿತ್ತು. ನನ್ನ ಕೈ ಮುರಿದಿದೆಯೆಂದಾಗಲಿ, ನಾನು ಜೀವನದ ದೊಡ್ಡ ನಿರ್ಧಾರವೊಂದರ ನಡುವೆ ಇದ್ದೇನೆಂದಾಗಲಿ ಅದಕ್ಕೆ ಗೊತ್ತಿರಲಿಲ್ಲ.

ಎದ್ದೆ. ಮೊದಲು ಕೈ. ಲೆಕ್ಕದ ಟೀಚರಿನ ಮನೆಯಲ್ಲಿ ಮರದ ಅಡಿಪಟ್ಟಿಗೆ ಬರವಿಲ್ಲ. ಅದನ್ನು ಮಣಿಕಟ್ಟಿನ ಕೆಳಗಿಟ್ಟು, ಹಳೆಯ ಸೀರೆಯನ್ನು ಹಲ್ಲಿನಲ್ಲಿ ಹರಿದು, ಹಲ್ಲಿನಲ್ಲೇ ಗಂಟು ಬಿಗಿದೆ. ಕಣ್ಣು ಕತ್ತಲೆ ಬಂತು. ಗೋಡೆಗೆ ಒರಗಿ ನಿಂತೆ. ಕತ್ತಲೆ ಹೋಯಿತು.

ಆಮೇಲೆ ಬಾವಿ. ಪಂಪು ಬರುವ ಮೊದಲು ಬಳಸುತ್ತಿದ್ದ ರಾಟೆ, ಹಗ್ಗ ಇನ್ನೂ ಇದ್ದವು. ಒಂದೇ ಕೈಯಲ್ಲಿ ತುಂಬಿದ ಕೊಡ ಸೇದಿ ನೋಡಿ. ಒಂದು ಮೊಳ ಎಳೆದು, ಇನ್ನೊಂದು ಮೊಳಕ್ಕೆ ಕೈ ಬದಲಿಸಬೇಕು. ಬದಲಿಸಲು ಕೈಯೆಲ್ಲಿ? ಬಿಟ್ಟರೆ ಕೊಡ ಜುಯ್ಯೆಂದು ಕೆಳಗೆ. ಕೊಡ ಬೇಡವೆಂದು ಪುಟ್ಟ ಬಕೀಟು ಕಟ್ಟಿದೆ. ಎಳೆದಷ್ಟನ್ನು ಕಾಲಿನ ಕೆಳಗೆ ಹಾಕಿ ತುಳಿದು ನಿಂತೆ. ಮತ್ತೆ ಎಳೆದೆ, ಮತ್ತೆ ತುಳಿದೆ. ಬಕೀಟು ಮೇಲೆ ಬಂದಾಗ ಅರ್ಧ ಚೆಲ್ಲಿತ್ತು. ಆ ಅರ್ಧವನ್ನು ಒಯ್ದು ಹಸುವಿನ ಮುಂದಿಟ್ಟೆ. ಅದು ಒಂದೇ ಉಸಿರಿಗೆ ಕುಡಿದು ನನ್ನ ಮುಖ ನೋಡಿತು. ಇಷ್ಟೇನಾ?

ಇಷ್ಟೇ ಅಲ್ಲ. ಹಸುವಿಗೆ, ಕರುವಿಗೆ, ನನಗೆ, ಬಾಡುತ್ತಿದ್ದ ಬದನೆ ಸಾಲಿಗೆ. ಬಿಸಿಲು ಇಳಿಯುವವರೆಗೆ ಸೇದಿದೆ. ಅಳುವುದನ್ನು ನಿಲ್ಲಿಸಿ ಸೇದಿದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಅಳುತ್ತಲೇ ಸೇದಿದೆ. ಮನಸ್ಸಿನ ಗಟ್ಟಿತನ ಎಂದರೆ ಅಳು ಬಾರದಿರುವುದು ಎಂದು ಯಾರೋ ನಮಗೆ ತಪ್ಪು ಪಾಠ ಹೇಳಿಕೊಟ್ಟಿದ್ದಾರೆ. ಅಳು ಬರಲಿ. ಕೈ ನಿಲ್ಲದಿದ್ದರೆ ಸಾಕು.

ಮರುದಿನ ನಡೆದು ರಸ್ತೆಗೆ ಬಂದು ಬಸ್ಸು ಹಿಡಿಯಬಹುದಿತ್ತಲ್ಲ ಎನ್ನುತ್ತೀರಿ. ಕೈ ಊದಿತ್ತು, ಕಾಲು ಗಟ್ಟಿಯಿತ್ತು. ಬರಬಹುದಿತ್ತು. ಹಸುವಿಗೆ ನೀರು ಕೊಡುವವರು ಯಾರು? ಹುಲಿಗೆಮ್ಮ ಬರಲಿ, ಅವಳಿಗೆ ಒಪ್ಪಿಸಿ ಹೋಗೋಣ ಎಂದು ಕಾದೆ. ಅದು ಲೆಕ್ಕಾಚಾರ, ಹಠವಲ್ಲ. (ಸರಿ, ಸ್ವಲ್ಪ ಹಠವೂ ಇತ್ತು.)

ಆದರೆ ಹುಲಿಗೆಮ್ಮನಿಗಿಂತ ಮೊದಲು ಅಣ್ಣ ಬಂದ. ದಿನಾ ಸಂಜೆ ಬಂಡೆಯ ಮೇಲಿಂದ ಅವನಿಗೆ ಫೋನ್ ಮಾಡುತ್ತಿದ್ದೆ. ಎರಡು ಸಂಜೆ ಫೋನ್ ಬಾರದೆ, ತಾನು ಮಾಡಿದರೆ ಸ್ವಿಚ್ ಆಫ್ ಬಂದು, ಕಾರು ಓಡಿಸಿಕೊಂಡು ಬಂದಿದ್ದ. ನನ್ನನ್ನು ನೋಡಿ ಒಂದು ಮಾತೂ ಆಡಲಿಲ್ಲ. ಹಿಡಿದು ಕಾರಿನೊಳಗೆ ಕೂರಿಸಿದ. ಮನೆಗೆ ಬೀಗ ಜಡಿದು ಕೀಲಿ ತನ್ನ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಹುಲಿಗೆಮ್ಮ ಬಸ್ಸಿಳಿದು, ಚೀಲ ಹೊತ್ತು ಬರುತ್ತಿದ್ದಳು. ನನ್ನ ಕೈ ನೋಡಿ ಚೀಲ ಅಲ್ಲೇ ಕೆಳಗಿಟ್ಟಳು.

"ಹಸು ನಾ ನೋಡಿಕೊಂತೀನಿ, ನೀವು ಹೋಗ್ರಿ ಟೀಚರಮ್ಮ," ಎಂದಳು. ಮತ್ತೆ ಅಣ್ಣನ ಕಡೆ ತಿರುಗಿ, "ವಾಪಸ್ ಕಳಸ್ರಿ ಮತ್ತ," ಎಂದಳು. ಅಣ್ಣ ಕಾರು ಚಾಲೂ ಮಾಡಿದ.

ಹೀಗೆ ನಾನು ಪಾರ್ವತಿನಗರದ ಸೋಫಾಕ್ಕೆ ಬಂದದ್ದು.

"ಇನ್ನ ಹಠ ಮಾಡಬ್ಯಾಡ. ಇಲ್ಲೇ ಮ್ಯಾಲಿನ ರೂಮು ಖಾಲಿ ಐತಿ. ಎಸಿ ಐತಿ, ಅಟ್ಯಾಚ್ಡ್ ಬಾತ್‌ರೂಮ್ ಐತಿ," ಎಂದಳು ಅತ್ತಿಗೆ. ಪಾಪ, ಮನಸ್ಸಿನಿಂದಲೇ ಹೇಳಿದಳು.

"ಬ್ಯಾಡ್ರಿ ಅತ್ತಿಗಿ. ಕೈ ಕೂಡಿದ ಮ್ಯಾಲೆ ಅಲ್ಲ, ಈ ವಾರನೇ ಹೋಗ್ತೀನಿ. ಅಣ್ಣ, ಕೀಲಿ ಕೊಡು."

ಅಣ್ಣ ಕಿಟಕಿಯಾಚೆ ನೋಡುತ್ತ ಕೂತಿದ್ದ. ಮಾವ ಗಿರಣಿಯ ದನಿ ಎತ್ತಿದರು.

"ಕೀಲಿ ಯಾಕಮ್ಮಾ ಕೊಡ್ತಾನ? ಅಲ್ಲಿ ನೀ ಸತ್ರ ಯಾರಿಗೆ ಗೊತ್ತಾಗತೈತಿ?"

ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಇದೇ. ಮಾವ ಹೊರಗೆ ಹಾಕಿದರು, ಅಷ್ಟೇ.

"ಮಾವ," ಎಂದೆ, "ಇದೇ ಬಳ್ಳಾರಿಯಾಗ, ಕಂಟೋನ್ಮೆಂಟ್ ಮನಿಯಾಗ, ಜ್ವರ ಬಂದು ವಾರಗಟ್ಲೆ ಮಲಗಿದ್ದೆ. ಮ್ಯಾಲಿನ ಮನಿಯವರಿಗೆ ಗೊತ್ತಿರಲಿಲ್ಲ. ಬಾಜೂ ಮನಿಯವರಿಗೆ ಗೊತ್ತಿರಲಿಲ್ಲ. ನಾನು ಬದುಕಿದ್ದೇ ಯಾರಿಗೂ ಗೊತ್ತಿರಲಿಲ್ಲ. ಇನ್ನ ಸತ್ತದ್ದು ಎಲ್ಲಿ ಗೊತ್ತಾಗತಿತ್ತು?"

ಅಣ್ಣ ತಟ್ಟನೆ ತಿರುಗಿದ. "ಯಾವಾಗ? ನನಗ್ಯಾಕ ಹೇಳಲಿಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.

ನನ್ನಾಣೆ, ಇದು ನಾನು ಕಟ್ಟಿದ ಕತೆಯಲ್ಲ. ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಗಾಳಿಮಳೆ ಬಂದರೆ ಕರೆಂಟು ಹೋಗುತ್ತದೆ, ಅದಕ್ಕೆ ಪವಾಡ ಬೇಕಿಲ್ಲ. ಸಂಜೆ ನಾಲ್ಕೂವರೆಯ ಹೊತ್ತು. ಹೊರಗೆ ಗಾಳಿ ಭೋರೆಂದಿತು, ದೂರದಲ್ಲೆಲ್ಲೋ ಢಂ ಎಂದಿತು, ಎಸಿ ನಿಟ್ಟುಸಿರು ಬಿಟ್ಟು ನಿಂತಿತು. ಇನ್ವರ್ಟರ್ ಕುಯ್ಯೋ ಕುಯ್ಯೋ ಎಂದು ಅತ್ತು, ಹತ್ತೇ ನಿಮಿಷಕ್ಕೆ ಅದೂ ಮಲಗಿತು.

"ಅಯ್ಯಯ್ಯ, ಮೋಟರ್ ಹಾಕಬೇಕಂತ ಇದ್ದೆ!" ಅತ್ತಿಗೆ ಎದ್ದು ಓಡಿದಳು. ಟ್ಯಾಂಕು ಖಾಲಿ. ಮಾವನಿಗೆ ಚಹಾ ಮಾಡೋಣವೆಂದರೆ ಗ್ಯಾಸ್ ಮುಗಿದು ಇಂಡಕ್ಷನ್ ಒಲೆಯಲ್ಲಿ ಕಾಲ ಹಾಕುತ್ತಿದ್ದರು. ಮಾವ ಸಿಡಿಮಿಡಿಗೊಂಡು, "ನಾ ಹೊಂಡತೀನಪ್ಪ, ಸಿರುಗುಪ್ಪ ಸೇರಬೇಕು," ಎಂದು ಹೊರಗೆ ನಡೆದರು. ಅಣ್ಣ ಹೋದ ವರ್ಷವಷ್ಟೇ ಹಾಕಿಸಿದ ರಿಮೋಟ್ ಗೇಟು ತೆರೆಯಲಿಲ್ಲ. ಅದನ್ನು ಕೈಯಲ್ಲಿ ತೆರೆಯುವ ಕೀಲಿ ಎಲ್ಲಿದೆಯೋ ಯಾರಿಗೂ ನೆನಪಿಲ್ಲ. ಒಳಗೆ ಮಾವನ ಕಾರು, ಕಾರಿನ ಪಕ್ಕ ಮಾವ.

ನಾನು ನಗಲಿಲ್ಲ. (ಒಳಗೊಳಗೆ ನಕ್ಕೆ, ಅದನ್ನು ಕೇಸಿಗೆ ಸೇರಿಸಬೇಡಿ.)

ಮಳೆ ನಿಂತ ಮೇಲೆ ಸೆಖೆ ತಾಳದೆ, ಮಾವನನ್ನು ಗೇಟಿನ ಬಳಿ ಬಿಟ್ಟು, ಉಳಿದವರೆಲ್ಲ ಮಾಳಿಗೆ ಹತ್ತಿದೆವು. ಎಲ್ಲರ ಕೈಯಲ್ಲೂ ಒಂದೊಂದು ಹಳೆಯ ಪೇಪರು, ಬೀಸಿಕೊಳ್ಳಲು. ಹೊತ್ತು ಮುಳುಗುತ್ತಿತ್ತು. ಊರಿಗೆ ಊರೇ ಮಂಕಾಗಿತ್ತು. ಅಕ್ಕಪಕ್ಕದ ಮಾಳಿಗೆಗಳ ಮೇಲೂ ಜನ. ಎಷ್ಟೋ ವರ್ಷದಿಂದ ಅಕ್ಕಪಕ್ಕ ಇದ್ದವರು ಆವತ್ತು ಮೊದಲ ಸಲ ಒಬ್ಬರಿಗೊಬ್ಬರು ಕೈ ಮಾಡುತ್ತಿದ್ದರು.

ಟಿವಿ ಇಲ್ಲ, ಫೋನಿನಲ್ಲಿ ಚಾರ್ಜಿಲ್ಲ. ಮಾತೊಂದೇ ಉಳಿಯಿತು. ಅಣ್ಣ ಬಂದು ನನ್ನ ಪಕ್ಕ ಕೂತ.

"ಆವತ್ತು ನಾ ಬಂದೆ ಅಲ್ಲಲೇ, ನಿನ್ನ ಹೊಲಕ್ಕ," ಎಂದ. "ಬಂದು ಕಾರು ನಿಲ್ಲಸಿ, ಕೆಳಗ ಇಳಿಯಾಕ ಆಗಲಿಲ್ಲ. ಮಾಳಿಗಿ ಮ್ಯಾಲೆ ಪ್ಯಾನೆಲ್ ಒಡೆದದ್ದು ಕಾಣತಿತ್ತು. ಬಾಗಲಾ ಮುಚ್ಚಿತ್ತು. ಒಳಗ ನಿನ್ನ ಹೆಂಗ ನೋಡತೀನೋ ಅಂತ ಸ್ಟೇರಿಂಗ್ ಹಿಡಕೊಂಡು ಸುಮ್ನ ಕುಂತಿದ್ದೆ. ಆಮ್ಯಾಲೆ ಬಾವಿ ಕಡೆಯಿಂದ ನೀ ಹಸುಗೆ ಬೈಯೋದು ಕೇಳಿಸ್ತು. ಆಗ ಇಳದೆ."

ನನಗೆ ಗೊತ್ತಿರಲಿಲ್ಲ. ಒಂದು ಮಾತೂ ಆಡದೆ ಎಳೆದುಕೊಂಡು ಹೋದನೆಂದು ಅವನ ಮೇಲೆ ಇಷ್ಟೂ ದಿನ ಸಿಟ್ಟಿನಲ್ಲಿದ್ದೆ. ಅವನಿಗೆ ಮಾತು ಬರುವ ಸ್ಥಿತಿಯೇ ಇರಲಿಲ್ಲ.

ಅವನ ಕೈ ಹಿಡಿದುಕೊಂಡೆ. ಅತ್ತುಬಿಟ್ಟೆ ಕೂಡ. ಆದರೆ ಕೇಳಿ, ಮನಸ್ಸು ಬದಲಿಸಲಿಲ್ಲ.

ಇಲ್ಲೇ ಬಹಳ ಜನ ಸೋಲುತ್ತಾರೆ. ಬಿಸಿಲಿಗಲ್ಲ, ಹಾವಿಗಲ್ಲ, ಕತ್ತಲೆಗಲ್ಲ. ಮೊದಲ ಬೇಸಿಗೆಯಲ್ಲಿ ನಾನು ಆ ಎಲ್ಲಕ್ಕೂ ಹೆದರಿದ್ದೆ. ಸಂಜೆಯ ಬೇಸರಕ್ಕೆ ಹೆದರಿ ಏನೇನೋ ನೆಪ ಮಾಡಿಕೊಂಡು ಬಳ್ಳಾರಿಯ ಬಸ್ಸು ಹತ್ತುತ್ತಿದ್ದೆ. ಅವೆಲ್ಲ ರೂಢಿಯಾಗುತ್ತವೆ. ರೂಢಿಯಾಗದ್ದು ಒಂದೇ, ನಮ್ಮನ್ನು ಪ್ರೀತಿಸುವವರ ಭಯ. ವೈರಿಯ ಬೈಗುಳಕ್ಕೆ ಮನಸ್ಸು ಕಲ್ಲು ಮಾಡಿಕೊಳ್ಳಬಹುದು. ಅಣ್ಣ ಸ್ಟೇರಿಂಗ್ ಹಿಡಿದು ಕೆಳಗಿಳಿಯದೆ ಕೂತ ಎಂದರೆ ಏನು ಮಾಡುತ್ತೀರಿ? ಅವನ ಭಯ ಕಳೆಯಲು ನನ್ನ ಬದುಕು ಬಿಟ್ಟುಕೊಡಬೇಕೇ? ಹೆಣ್ಣುಮಕ್ಕಳು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಅಪ್ಪನ ಭಯಕ್ಕೆ ಒಂದಿಷ್ಟು, ಅಣ್ಣನ ಭಯಕ್ಕೆ ಒಂದಿಷ್ಟು, ಗಂಡನ ಭಯಕ್ಕೆ ಉಳಿದದ್ದಷ್ಟೂ.

"ಅಣ್ಣ," ಎಂದೆ, "ನೀ ಹೆದರಿದ್ದು ನನಗ ಅರ್ಥ ಆಗತೈತಿ. ನಾನೂ ಹೆದರಿದ್ದೆ. ಆದರ ಹೆದರಿಕಿ ಇಲ್ಲದ ಜಾಗ ಯಾವುದೈತಿ ಹೇಳು? ಹೆದರಿಕೊಂಡಾದ್ರೂ ನನ್ನ ಮನಿಯಾಗ ನಾ ಇರತೀನಿ."

ಅವನು ಪೇಪರು ಬೀಸುವುದನ್ನು ನಿಲ್ಲಿಸಿದ. ದೂರದಲ್ಲಿ ಕುಡತಿನಿಯ ಚಿಮಣಿಗಳ ಕೆಂಪು ದೀಪಗಳು ಮಾತ್ರ ಮಿನುಗುತ್ತಿದ್ದವು. ಕೆಳಗೆ ಮಾವ ಇನ್ನೂ ಗೇಟಿನ ಜೊತೆ ಗುದ್ದಾಡುತ್ತಿದ್ದರು.

"ಒಂದು ಕೈಯಾಗ ನೀರು ಹೆಂಗ ಸೇದಿದಿಲೇ?" ಎಂದು ಕೇಳಿದ.

ಹಗ್ಗ ಎಳೆದು ಕಾಲಿನಿಂದ ತುಳಿಯುವ ಹಾಗೆ ಮಾಡಿ ತೋರಿಸಿದೆ. ಅತ್ತಿಗೆ ಬಾಯಿ ಬಿಟ್ಟು ನೋಡುತ್ತಿದ್ದಳು. ಅಣ್ಣ ನಗಲಿಲ್ಲ. "ನಾನೇ ಬಿಟ್ಟು ಬರತೀನಿ," ಎಂದಷ್ಟೇ ಹೇಳಿ ಎದ್ದ.

ಭಾನುವಾರ ಬಿಟ್ಟು ಬಂದ. ಬಿಟ್ಟು ಬಂದ ಎನ್ನುವುದು ಸುಳ್ಳು, ದಿನವಿಡೀ ಇದ್ದ. ಹೊಸ ಪ್ಯಾನೆಲ್ಲನ್ನು ಈ ಸಲ ಮಾಳಿಗೆಯ ಮೇಲೆ ಬೇಡವೆಂದು, ನೆಲದ ಮೇಲೇ ಕಲ್ಲುಕಟ್ಟೆಗೆ ಬಿಗಿಸಿದೆವು. ಅವನು ಸ್ಪ್ಯಾನರ್ ಹಿಡಿದದ್ದು ನೋಡಿದರೆ ಪೆನ್ನು ಹಿಡಿದ ಹಾಗಿತ್ತು. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದ, ಎರಡೂ ಕೈಯಲ್ಲಿ. ಅಂಗೈಯಲ್ಲಿ ಎದ್ದ ಬೊಬ್ಬೆಗಳನ್ನು ಅತ್ತಿಗೆಗೆ ತೋರಿಸಬೇಕೆಂದು ಫೋಟೋ ತೆಗೆದುಕೊಂಡ.

ಹುಲಿಗೆಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮಾವ ಕೇಳಿದ ಪ್ರಶ್ನೆಯನ್ನು ನಾನು ಅವಳ ಮುಂದಿಟ್ಟೆ. ನಾನು ಸತ್ತರೆ ಯಾರಿಗೆ ಗೊತ್ತಾಗುತ್ತದೆ?

"ಅದೇನು ದೊಡ್ಡ ಮಾತ್ರಿ," ಎಂದಳು. "ಮುಂಜಾನಿ ನಿಮ್ಮ ಒಲಿ ಹೊಗಿ ನನಗ ಕಾಣತೈತಿ. ಕಾಣಲಿಲ್ಲ ಅಂದ್ರ ನಾ ಬರತೀನಿ. ನನ್ನ ಹೊಗಿ ಕಾಣಲಿಲ್ಲ ಅಂದ್ರ ನೀವು ಬರ್ರಿ. ಊರಿಗೆ ಹೋದ್ರ ಇಬ್ಬರೂ ಹೇಳಿ ಹೋಗೂಣು."

ಒಪ್ಪಂದ ಆಯಿತು. ಯಾರ ಹಂಗೂ ಇಲ್ಲದೆ ಬದುಕುತ್ತೇನೆ ಎಂದು ನಾನು ಯಾವತ್ತೂ ಹೇಳಿಲ್ಲ, ಹಾಗೆ ಹೇಳುವವರನ್ನು ನಂಬುವುದೂ ಇಲ್ಲ. ಆದರೆ ಹುಲಿಗೆಮ್ಮ ನನ್ನ ಹೊಗೆ ನೋಡುತ್ತಾಳೆ, ನನಗೆ ಬೀಗ ಹಾಕುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸಕ್ಕಾಗಿಯೇ ನಾನು ಇಲ್ಲಿಗೆ ಬಂದದ್ದು.

ಸಂಜೆ ಕಾರು ಹತ್ತುವಾಗ ಅಣ್ಣ ಕೇಳಿದ, "ಮುಂದಿನ ವಾರ ಬರಲೇನು?"

"ಯಾಕ, ಮತ್ತ ಎತ್ತಿಕೊಂಡು ಹೋಗಾಕೇನು?"

"ಇಲ್ಲಲೇ. ಸುಮ್ನ. ನಿನ್ನ ಕೈ ಅಡಿಗಿ ಉಣ್ಣಾಕ."

ಕೈ ಕೂಡುತ್ತಿದೆ. ಇದನ್ನು ಒಂದೇ ಕೈಯ ಹೆಬ್ಬೆರಳಿನಲ್ಲಿ ಟೈಪ್ ಮಾಡಿದ್ದೇನೆ, ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ. ಬಂಡೆ ಹತ್ತುವಂತಿಲ್ಲ, ಅದಕ್ಕೇ ಫೋನನ್ನು ಹುಲಿಗೆಮ್ಮನ ಕೈಯಲ್ಲಿ ಮೇಲೆ ಕಳಿಸುತ್ತಿದ್ದೇನೆ. ನನ್ನ ಸುದ್ದಿ ತಿಳಿದು ಮರುಕದ ಫೋನು, ಮೆಸೇಜು ಕಳಿಸಿದ ನೆಂಟರಿಗೆ, ಗೆಳತಿಯರಿಗೆ, 'ಇನ್ನಾದರೂ ಊರಿಗೆ ಬನ್ನಿ ಮೇಡಂ' ಎಂದು ಬರೆದ ಓದುಗರಿಗೆ ಎಲ್ಲರಿಗೂ ಸೇರಿ ಇದೊಂದೇ ಉತ್ತರ.

ನನ್ನನ್ನು ಕರೆದುಕೊಂಡು ಹೋಗಲು ಯಾರೂ ಬರಬೇಡಿ. ನೋಡಿಕೊಂಡು ಹೋಗಲು ಬನ್ನಿ.